ಪೈನ್ ಸೌದೆ ಒಲೆಗೆ ಹಾಕಬಹುದಾ? ಚಿಮಣಿಗೆ ಬೆಂಕಿ ಹತ್ತುತ್ತದೆ ಅನ್ನುತ್ತಾರೆ, ನಿಜವಾ?

ಹೊಸಒಲೆ:
ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿದ್ದ ದೊಡ್ಡ ಪೈನ್ ಮರ ಗಾಳಿಗೆ ವಾಲಿತ್ತು. ಮನೆ ಮೇಲೆ ಬೀಳುವ ಮೊದಲೇ ಕಡಿಸಿಬಿಟ್ಟೆವು. ಈಗ ಅಂಗಳದಲ್ಲಿ ಗುಡ್ಡೆ ಗುಡ್ಡೆ ತುಂಡು ಬಿದ್ದಿವೆ. ಬುಡದ ಕಡೆಯವು ಒಂದೂವರೆ ಅಡಿ ದಪ್ಪ ಇವೆ. ಕಡಿದು ಒಂದು ತಿಂಗಳಾಯಿತು. ಮುಟ್ಟಿದರೆ ಈಗಲೂ ಕೈಗೆ ಅಂಟು ಮೆತ್ತಿಕೊಳ್ಳುತ್ತದೆ, ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ.

ನಮ್ಮದು ಬಾಗಿಲಿರುವ ಕಬ್ಬಿಣದ ಒಲೆ. ಚಾವಣಿ ದಾಟಿ ಹೋಗುವ ಹೊಗೆ ಕೊಳವೆ ಇದೆ. ಕೂರಿಸಿ ಒಂದು ವರ್ಷವಾಯಿತು ಅಷ್ಟೆ. ಪಕ್ಕದ ಮನೆಯವರು ಗುಡ್ಡೆ ನೋಡಿ "ಪೈನ್ ಮಾತ್ರ ಒಲೆಗೆ ಹಾಕಬೇಡಿ, ಕೊಳವೆಯಲ್ಲಿ ರಾಳ ಕಟ್ಟಿಕೊಂಡು ಬೆಂಕಿ ಹತ್ತುತ್ತದೆ" ಅಂದರು. ಇಷ್ಟೊಂದು ಸೌದೆಯನ್ನು ಕೊಳೆಯಲು ಬಿಡಲು ಮನಸ್ಸು ಬರುತ್ತಿಲ್ಲ. ಪೈನ್ ಸುಟ್ಟು ಗೊತ್ತಿರುವವರು ದಯವಿಟ್ಟು ಹೇಳಿ.

ಹೊಗೆಗೂಡು:
ಪಕ್ಕದ ಮನೆಯವರ ಮಾತು ಕೇಳಿ. ನಾನು ಅನುಭವಿಸಿದವನು. ಒಂದು ರಾತ್ರಿ ಒಲೆಗೆ ಪೈನ್ ಹಾಕಿ ಕೂತಿದ್ದೆ. ಹೊರಗೆ ಗಾಳಿ ಎದ್ದಿದೆ ಅಂದುಕೊಂಡೆ. ಆಮೇಲೆ ನೋಡಿದರೆ ಭೋರ್ ಅನ್ನುವ ಸದ್ದು ಕೊಳವೆಯ ಒಳಗಿನಿಂದಲೇ ಬರುತ್ತಿತ್ತು. ಒಲೆಯಿಂದ ಒಂದು ಮೊಳ ಮೇಲಕ್ಕೆ ಕೊಳವೆ ಕೆಂಪಗಾಗಿತ್ತು. ಮನೆಯವರನ್ನೆಲ್ಲ ಹೊರಗೆ ಕಳಿಸಿ ಅಗ್ನಿಶಾಮಕದವರನ್ನು ಕರೆಸಬೇಕಾಯಿತು. ಅವತ್ತಿನಿಂದ ಪೈನ್ ಅಂದರೆ ದೂರದಿಂದಲೇ ಕೈಮುಗಿಯುತ್ತೇನೆ.

ಕೊಡಲಿಕಾವು:
ಹೊಗೆಗೂಡು ಸರ್, ದೊಡ್ಡ ಗಂಡಾಂತರ ತಪ್ಪಿದೆ. ಬೇಜಾರಿಲ್ಲದಿದ್ದರೆ ಎರಡು ಪ್ರಶ್ನೆ. ಆ ರಾತ್ರಿಗೆ ಮೊದಲು ಏನು ಸುಡುತ್ತಿದ್ದಿರಿ? ರಾತ್ರಿ ಮಲಗುವಾಗ ಗಾಳಿ ಕಿಂಡಿ ಮುಚ್ಚುತ್ತಿದ್ದಿರಾ?

ಹೊಗೆಗೂಡು:
ಅದಕ್ಕೂ ಮೊದಲು ಗಟ್ಟಿ ಜಾತಿಯ ಸೌದೆ. ಆ ವರ್ಷ ಸ್ವಲ್ಪ ಹಸಿಯಿತ್ತು ನಿಜ. ಬೆಳಗಿನವರೆಗೆ ಬೆಂಕಿ ಉಳಿಯಲಿ ಅಂತ ಕಿಂಡಿ ಪೂರ್ತಿ ಮುಚ್ಚಿ ಮಲಗುತ್ತಿದ್ದೆ. ಎಲ್ಲರೂ ಹಾಗೇ ಮಾಡುವುದಲ್ವಾ? ಪೈನ್ ಹಾಕಿದ್ದು ಅದೇ ಎರಡನೆಯದೋ ಮೂರನೆಯದೋ ದಿನ.

ಕೊಡಲಿಕಾವು:
ಹಾಗಾದರೆ ಮದ್ದು ತುಂಬಿದ್ದು ಹಸಿ ಸೌದೆ, ಕಿಡಿ ಇಟ್ಟಿದ್ದು ಪೈನ್. ಹೆಸರು ಕೆಟ್ಟಿದ್ದು ಮಾತ್ರ ಕಿಡಿ ಇಟ್ಟವನದು.

ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ಸೌದೆ ನೇರವಾಗಿ ಉರಿಯುವುದಿಲ್ಲ. ಮೊದಲು ಅದರ ನೀರು ಆವಿಯಾಗಬೇಕು. ಆಮೇಲೆ ಬಿಸಿಗೆ ಮರ ಒಡೆದು ಅನಿಲ ಬಿಡುತ್ತದೆ. ನಾವು ನೋಡುವ ಜ್ವಾಲೆ ಆ ಅನಿಲ ಉರಿಯುವುದು. ಕೊನೆಗೆ ಉಳಿಯುವುದು ಕೆಂಡ. ಆ ಅನಿಲ ಪೂರ್ತಿ ಉರಿಯಲು ಎರಡು ಬೇಕು: ಸುಮಾರು 600 ಡಿಗ್ರಿ ಬಿಸಿ ಮತ್ತು ಸಾಕಷ್ಟು ಗಾಳಿ. ಸೌದೆ ಹಸಿಯಿದ್ದರೆ ಬಿಸಿ ಏರುವುದಿಲ್ಲ. ಕಿಂಡಿ ಮುಚ್ಚಿದರೆ ಗಾಳಿ ಇರುವುದಿಲ್ಲ. ಆಗ ಉರಿಯದೆ ಉಳಿದ ಅನಿಲ ಹೊಗೆಯಾಗಿ ಕೊಳವೆ ಹತ್ತುತ್ತದೆ. ಕೊಳವೆಯೊಳಗಿನ ಬಿಸಿ ಸುಮಾರು 120 ಡಿಗ್ರಿಗಿಂತ ಇಳಿದರೆ ಆ ಹೊಗೆಯಲ್ಲಿರುವ ಟಾರು, ನೀರಾವಿ ಎಲ್ಲ ಕೊಳವೆಯ ಗೋಡೆಗೆ ಇಬ್ಬನಿಯ ಹಾಗೆ ಕೂರುತ್ತದೆ. ಅದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಮೊದಮೊದಲು ಬ್ರಷ್‌ಗೆ ಉದುರುವ ಮಸಿ. ಆಮೇಲೆ ಹಪ್ಪಳದ ಹಾಗೆ ಪದರ ಪದರ. ಹಾಗೇ ಬಿಟ್ಟರೆ ಕರಿ ಗಾಜಿನ ಹಾಗೆ ಹೊಳೆಯುವ ಗಟ್ಟಿ ಲೇಪ, ಅದು ಬ್ರಷ್‌ಗೂ ಜಗ್ಗುವುದಿಲ್ಲ.

ಇದನ್ನು ಪೈನ್ ಮಾತ್ರ ಮಾಡುವುದಲ್ಲ, ಯಾವ ಮರವಾದರೂ ಮಾಡುತ್ತದೆ. ರಾಳವೇ ಆವಿಯಾಗಿ ಹೋಗಿ ಕೊಳವೆಗೆ ಮೆತ್ತುತ್ತದೆ ಅನ್ನುವುದು ಕೇಳಲು ಸರಿ ಅನಿಸುತ್ತದೆ, ಕೈಗೆ ಅಂಟಿದ್ದನ್ನು ಕಂಡಿರುತ್ತೇವಲ್ಲ. ಆದರೆ ಬಿಸಿ ಬೆಂಕಿಯಲ್ಲಿ ರಾಳ ಮಿಕ್ಕ ಅನಿಲದ ಜೊತೆಗೇ ಉರಿದುಹೋಗುತ್ತದೆ, ಅದೂ ಒಳ್ಳೆ ಉರುವಲೇ. ನಿಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಹಸಿ ಸೌದೆ ಹೊಗೆಯಾಡಿ ಕೊಳವೆಗೆ ಲೇಪ ಹಚ್ಚಿತ್ತು. ಒಣ ಪೈನ್ ಧಗ್ ಅಂತ ಹತ್ತಿ ಉದ್ದ ಜ್ವಾಲೆ ಎಬ್ಬಿಸಿತು. ಲೇಪ ಹೊತ್ತಿಕೊಂಡಿತು.

ಹೊಗೆಗೂಡು:
ಒಪ್ಪಿಕೊಳ್ಳಲು ಕಷ್ಟ, ಆದರೆ ಲೆಕ್ಕ ಕೂಡುತ್ತಿದೆ. ಒಂದು ಅನುಮಾನ ಉಳಿದಿದೆ. ಪೈನ್ ಹೊಗೆ ಬೇರೆ ಸೌದೆಗಿಂತ ಕರ್ರಗಿರುತ್ತದೆ. ಅದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇನು ಹೇಳುತ್ತೀರಿ?

ಕೊಡಲಿಕಾವು:
ಅದು ನಿಜ. ರಾಳ ಬೇಗ ಆವಿಯಾಗುತ್ತದೆ, ಟರ್ಪೆಂಟೈನ್ ಬರುವುದೇ ಅದರಿಂದ ಅಲ್ವಾ. ಒಲೆ ತುಂಬ ಪೈನ್ ಜಡಿದರೆ ಒಂದೇ ಸಲಕ್ಕೆ ಅಷ್ಟೂ ಅನಿಲ ಏಳುತ್ತದೆ, ಗಾಳಿ ಸಾಲದೆ ಮಸಿಯಾಗುತ್ತದೆ. ಹಾಗಾಗಿ ಪೈನ್‌ಗೆ ಗಾಳಿ ಜಾಸ್ತಿ ಬೇಕು, ಸೌದೆ ಒಮ್ಮೆಗೆ ಕಡಿಮೆ ಹಾಕಬೇಕು. ಕಿಂಡಿ ಮುಚ್ಚಿ ಮೆಲ್ಲಗೆ ಉರಿಸುವ ಸೌದೆ ಅದಲ್ಲ. ಈ ಮಟ್ಟಿಗೆ ನಿಮ್ಮ ದೂರು ಸರಿ.

ಬೂದಿಬುಟ್ಟಿ:
ಪೈನ್ ಬೇಗ ಉರಿದುಹೋಗುತ್ತದೆ ಅಂತ ಎಲ್ಲ ಕಡೆ ಅನ್ನುತ್ತಾರೆ. ನಾವು ಎಷ್ಟೋ ವರ್ಷದಿಂದ ಪೈನ್ ಸೌದೆಯನ್ನೇ ಉರಿಸುತ್ತಿದ್ದೇವೆ. ಕೆಂಡ ಕಬ್ಬಿಣದ ಹಾಗೆ ನಿಲ್ಲುತ್ತದೆ. ರಾತ್ರಿ ಬೂದಿ ಮುಚ್ಚಿಟ್ಟರೆ ಬೆಳಿಗ್ಗೆ ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಸಾಕು. ಅಂಟು ಗಿಂಟು ಏನೂ ಇಲ್ಲ. ಎಲ್ಲರಿಗೂ ನೋಡದೆ ಮಾತಾಡುವ ಚಟ.

ಎಲೆಗಂಟು:
ಬೂದಿಬುಟ್ಟಿ ಅಕ್ಕ, ಸಿಟ್ಟಾಗಬೇಡಿ. ನಿಮ್ಮ ಮರದ ಒಂದು ಸೂಜಿ ಎಲೆ ಕಿತ್ತು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಗಂಟು ಗಂಟಾಗಿ, ಕೊಳವೆಗೆ ಕೊಳವೆ ಸಿಕ್ಕಿಸಿದ ಹಾಗೆ ಬಿಡಿಸಿಕೊಳ್ಳುತ್ತದಾ? ಅಥವಾ ಎರಡು, ಮೂರು, ಐದು ಸೂಜಿ ಒಂದೇ ಬುಡದಲ್ಲಿ ಕಟ್ಟಿದ ಹಾಗೆ ಇವೆಯಾ?

ಬೂದಿಬುಟ್ಟಿ:
ಗಂಟು ಗಂಟಾಗಿ ಬಿಡಿಸಿಕೊಂಡಿತು. ಗಂಟಿನ ಹತ್ತಿರ ಚಿಕ್ಕ ಚಿಕ್ಕ ಹಲ್ಲಿನ ಹಾಗೆ ಇವೆ. ಯಾಕೆ?

ಎಲೆಗಂಟು:
ಹಾಗಾದರೆ ಅದು ಸರ್ವೆ ಅಕ್ಕ, ಕೆಲವರು ಗಾಳಿಮರ ಅನ್ನುತ್ತಾರೆ. ದೂರದಿಂದ ನೋಡಿದರೆ ಪೈನ್ ಹಾಗೇ ಕಾಣುತ್ತದೆ, ಕಾಯಿ ಕೂಡ ಮೋಸ ಮಾಡುತ್ತದೆ. ಆದರೆ ಪೈನ್‌ಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಸರ್ವೆ ಹೂ ಬಿಡುವ ಮರಗಳ ಗುಂಪಿನದು, ನಾವು ಎಲೆ ಅಂದುಕೊಳ್ಳುವುದು ಅದರ ಎಳೆ ಕಡ್ಡಿ, ನಿಜವಾದ ಎಲೆ ಅಂದರೆ ನೀವು ಹೇಳಿದ ಆ ಹಲ್ಲುಗಳು. ಒಣಗಿದ ಮೇಲೂ ಒಂದು ಘನ ಮೀಟರ್‌ಗೆ 800 ಕಿಲೋ ಮೇಲೆ ತೂಗುತ್ತದೆ. ಪೈನ್‌ನ ಬಹಳಷ್ಟು ಜಾತಿ 400ರಿಂದ 550 ಅಷ್ಟೆ. ಕೆಂಡ ನಿಲ್ಲದೆ ಇನ್ನೇನು ಮಾಡುತ್ತದೆ!

ಬೂದಿಬುಟ್ಟಿ:
ಅಯ್ಯೋ. ಇಷ್ಟು ವರ್ಷ ಮನೆಯಲ್ಲಿ ಎಲ್ಲರೂ ಪೈನ್ ಅಂತಲೇ ಕರೆಯುತ್ತಿದ್ದೆವು. ಸರಿ, ನನ್ನ ಮಾತು ವಾಪಸ್ ತಗೊಂಡೆ. ಸೌದೆಯನ್ನಲ್ಲ!

ಹೊಸಒಲೆ:
ನಮ್ಮದು ಮೂರು ಮೂರು ಸೂಜಿಯ ಕಟ್ಟು. ಅಂದರೆ ಅಸಲಿ ಪೈನ್. ಅಂಟು ನೋಡಿದರೇ ಗೊತ್ತಾಗುತ್ತದೆ ಬಿಡಿ.

ಹಾಗಾದರೆ ಗಟ್ಟಿ ಸೌದೆಯಲ್ಲಿ ಶಾಖ ಜಾಸ್ತಿ, ಪೈನ್‌ನಲ್ಲಿ ಕಡಿಮೆ ಅಂತಲಾ?

ತಕ್ಕಡಿ:
ಇದರಲ್ಲಿ ಎಲ್ಲರೂ ಎಡವುತ್ತಾರೆ. ತೂಕಕ್ಕೆ ತೂಕ ಹೋಲಿಸಿದರೆ ಯಾವ ಒಣ ಸೌದೆಯಾದರೂ ಹೆಚ್ಚುಕಮ್ಮಿ ಒಂದೇ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಕರೆಂಟಿನಷ್ಟು ಶಾಖ ಇರುತ್ತದೆ. ರಾಳ ಇರುವುದರಿಂದ ಪೈನ್‌ಗೆ ಒಂದು ಚೂರು ಜಾಸ್ತಿಯೇ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಒಲೆಯ ಹೊಟ್ಟೆ ಇರುವಷ್ಟೇ ಇರುತ್ತದೆ. ಅದರಲ್ಲಿ ಹಗುರ ಸೌದೆ ತುಂಬಿದರೆ ಕಡಿಮೆ ಕಿಲೋ ಹಿಡಿಯುತ್ತದೆ, ಅದಕ್ಕೇ ಬೇಗ ಖಾಲಿಯಾಗುತ್ತದೆ. ನೀವು ಹೆಚ್ಚು ಸಲ ಏಳಬೇಕು. ಸೌದೆ ಕೊಳ್ಳುವವರಿಗೆ ಇದು ಮುಖ್ಯ: ಗಾಡಿ ಲೆಕ್ಕದಲ್ಲಿ ಕೊಂಡರೆ ಪೈನ್ ನಷ್ಟ. ತೂಕದ ಲೆಕ್ಕದಲ್ಲಿ ಒಣ ಪೈನ್ ಕೊಂಡರೆ ನಷ್ಟವಿಲ್ಲ. ತೂಕದಲ್ಲಿ ಹಸಿ ಸೌದೆ ಕೊಂಡರೆ ನೀರಿಗೆ ದುಡ್ಡು ಕೊಟ್ಟ ಹಾಗೆ.

ಆಗ ತಾನೇ ಕಡಿದ ಪೈನ್‌ನಲ್ಲಿ ಅರ್ಧ ತೂಕ ನೀರೇ ಇರಬಹುದು. 10 ಕಿಲೋ ಒಲೆಗೆ ಹಾಕಿದರೆ 5 ಲೀಟರ್ ನೀರನ್ನೂ ಹಾಕಿದಂತೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.7 ಯೂನಿಟ್ ಶಾಖ ಬೇಕು, 5 ಲೀಟರಿಗೆ ಮೂರೂವರೆ. ಹೋಗುವ ಶಾಖಕ್ಕಿಂತ ಬೆಂಕಿ ತಣ್ಣಗಾಗುವುದೇ ದೊಡ್ಡ ತೊಂದರೆ. ಹೊಗೆ ಹುಟ್ಟುವುದು ಅಲ್ಲೇ.

ಇನ್ನೊಂದು ಮಾತು. ಸಾಫ್ಟ್‌ವುಡ್, ಹಾರ್ಡ್‌ವುಡ್ ಅನ್ನುವ ಹೆಸರು ಕೇಳಿ ಮೋಸ ಹೋಗಬೇಡಿ. ಅದು ಮರದ ಕುಲದ ಹೆಸರು, ಗಟ್ಟಿತನದ್ದಲ್ಲ: ಪೈನ್ ಥರದ ಸೂಜಿ ಎಲೆಯವು ಸಾಫ್ಟ್‌ವುಡ್, ಹೂ ಬಿಡುವ ಮರಗಳು ಹಾರ್ಡ್‌ವುಡ್. ಬೆರಳಲ್ಲಿ ಎತ್ತುವಷ್ಟು ಹಗುರ ಇರುವ ಬಾಲ್ಸಾ ಕೂಡ ಹಾರ್ಡ್‌ವುಡ್ಡೇ.

ಹೊಸಒಲೆ:
ತುಂಬಾ ಉಪಕಾರ. ಒಣಗಿಸುವುದು ಹೇಗೆ, ಒಣಗಿತು ಅಂತ ತಿಳಿಯುವುದು ಹೇಗೆ? ಒಂದು ವೀಡಿಯೋದಲ್ಲಿ ಸೌದೆಯ ಒಂದು ತುದಿಗೆ ಸೋಪಿನ ನೀರು ಹಚ್ಚಿ ಇನ್ನೊಂದು ತುದಿಯಿಂದ ಊದಿದರು. ಗುಳ್ಳೆ ಬಂದರೆ ಒಣಗಿದೆ ಅಂದರು. ನಾನು ಊದಿ ಊದಿ ದವಡೆ ನೋವು ಬಂತು, ಗುಳ್ಳೆ ಬರಲಿಲ್ಲ.

ಎಲೆಗಂಟು:
ಇನ್ನೂ ನೂರು ಸಲ ಊದಿದರೂ ಬರುವುದಿಲ್ಲ. ಕೆಲವು ಹಾರ್ಡ್‌ವುಡ್ ಮರಗಳಲ್ಲಿ ನೀರು ಹತ್ತಲು ಉದ್ದುದ್ದ ನಾಳಗಳಿರುತ್ತವೆ, ಅದರಲ್ಲಿ ಗಾಳಿ ಹಾಯುತ್ತದೆ. ಪೈನ್‌ನಲ್ಲಿ ಅಂಥ ನಾಳವೇ ಇಲ್ಲ. ಅದರ ಕೋಶಗಳು ಕೆಲವೇ ಮಿಲಿಮೀಟರ್ ಉದ್ದ, ಎರಡೂ ತುದಿ ಮುಚ್ಚಿದವು, ಪಕ್ಕದ ಸಣ್ಣ ತೂತಿನಿಂದ ನೀರು ದಾಟಿಸಿಕೊಳ್ಳುತ್ತವೆ. ನಿಮ್ಮ ದವಡೆಗೆ ವಿಶ್ರಾಂತಿ ಕೊಡಿ.

ಕೊಡಲಿಕಾವು:
ಮೊದಲ ಕೆಲಸ ಸೀಳುವುದು. ತುಂಡು ತುಂಡಾಗಿ ಬಿಟ್ಟರೆ ತೊಗಟೆಯ ಒಳಗೆ ನೀರು ಹಾಗೇ ಉಳಿಯುತ್ತದೆ, ಅಷ್ಟರಲ್ಲಿ ಹುಳ, ಬೂಷ್ಟು ಎಲ್ಲ ಶುರು. ಸೀಳಿದ ಮೇಲೆ ಪೈನ್ ಬೇಗ ಒಣಗುತ್ತದೆ. ಬಿಸಿಲು ಗಾಳಿ ಸಿಕ್ಕರೆ ಆರು ತಿಂಗಳಿಂದ ಒಂದು ವರ್ಷ ಸಾಕು. ಓಕ್ ಥರದ ಮರ ಎರಡು ವರ್ಷ ಕೇಳುತ್ತದೆ. ಪೈನ್‌ನ ದೊಡ್ಡ ಗುಣ ಇದು, ಯಾರೂ ಹೇಳುವುದಿಲ್ಲ.

ಪೈನ್ ಸೀಳುವಾಗ ತುಂಡನ್ನು ಒಮ್ಮೆ ಸುತ್ತ ತಿರುಗಿಸಿ ನೋಡಿ. ಕೊಂಬೆಗಳು ಒಂದೇ ಮಟ್ಟದಲ್ಲಿ ಸುತ್ತಲೂ ಉಂಗುರದ ಹಾಗೆ ಹುಟ್ಟಿರುತ್ತವೆ. ಅಲ್ಲೇ ಗಂಟಿನ ಸಾಲು. ತುಂಡು ಕೊಯ್ಯುವಾಗಲೇ ಗಂಟಿನ ಉಂಗುರ ಒಂದು ತುದಿಗೆ ಬರುವ ಹಾಗೆ ಗರಗಸ ಹಾಕಿಸಬೇಕಿತ್ತು. ಅದು ಆಗಿಹೋಯಿತು, ಬಿಡಿ. ಈಗ ನಡುವಿಗೆ ಹೊಡೆಯಬೇಡಿ. ಅಂಚಿನಿಂದ ಹೋಳು ಹೋಳಾಗಿ ತೆಗೆಯುತ್ತಾ ಬನ್ನಿ, ಗಂಟಿಗೂ ಗಂಟಿಗೂ ನಡುವೆ ಕೊಡಲಿ ಬೀಳಲಿ. ಗಂಟಿಲ್ಲದ ಜಾಗದಲ್ಲಿ ಒಂದೇ ಏಟಿಗೆ ಚಟ್ ಅಂತ ಬಿಚ್ಚಿಕೊಳ್ಳುತ್ತದೆ, ಆ ವಾಸನೆಗೇ ಕೆಲಸದ ದಣಿವು ಹೋಗುತ್ತದೆ. ಗಂಟಿಗೆ ಬಿದ್ದರೆ ಕೊಡಲಿ ಕಚ್ಚಿಕೊಂಡು ಅರ್ಧ ಗಂಟೆ ಬೆಣೆ ಹೊಡೆಯುತ್ತಾ ಕೂರಬೇಕು.

ಒಟ್ಟುವಾಗ ನೆಲಕ್ಕೆ ತಾಗಬಾರದು. ಕೆಳಗೆ ಎರಡು ಉದ್ದದ ಕೊಂಬೆಯೋ ಇಟ್ಟಿಗೆಯೋ ಇಡಿ. ಮೇಲೆ ಮಾತ್ರ ತಗಡು ಮುಚ್ಚಿ, ಪಕ್ಕ ತೆರೆದೇ ಇರಲಿ. ಪ್ಲಾಸ್ಟಿಕ್ ಹೊದಿಸಿ ನೆಲದವರೆಗೆ ಎಳೆದು ಕಟ್ಟುವವರಿದ್ದಾರೆ, ಒಳಗೆ ಸೌದೆ ಬೆವರುತ್ತದೆ. ಸ್ವಲ್ಪ ನೀಲಿ ಬಣ್ಣ ಬಂದರೆ ಗಾಬರಿ ಬೇಡ, ಅದು ಒಂದು ಶಿಲೀಂಧ್ರದ ಕಲೆ, ಉರಿಯುವುದಕ್ಕೆ ಅಡ್ಡಿಯಿಲ್ಲ. ಮರ ಮೆತ್ತಗಾಗಿದ್ದರೆ ಮಾತ್ರ ಕೊಳೆತಿದೆ ಅಂತ ಲೆಕ್ಕ.

ಕೈಗೆ ಅಂಟಿದ್ದಕ್ಕೆ ಮೊದಲು ಅಡುಗೆ ಎಣ್ಣೆ ಉಜ್ಜಿ, ಆಮೇಲೆ ಸೋಪು. ಕೊಡಲಿಗೂ ಅಷ್ಟೇ.

ತಕ್ಕಡಿ:
ಒಣಗಿದ್ದು ತಿಳಿಯಲು ನನ್ನ ದಾರಿ ತಕ್ಕಡಿಯೇ. ಸೀಳಿದ ದಿನ ಒಂದೆರಡು ತುಂಡಿಗೆ ಗುರುತು ಮಾಡಿ ತೂಗಿ, ತೂಕವನ್ನು ಅದರ ಮೇಲೇ ಬರೆಯಿರಿ. ಒಟ್ಟಿನ ನಡುವೆ ಕೈಗೆ ಸಿಗುವ ಹಾಗೆ ಇಡಿ. ಎರಡು ವಾರಕ್ಕೊಮ್ಮೆ ತೂಗಿ. ಇಳಿಯುವುದು ನಿಂತಿತು ಅಂದರೆ ಗಾಳಿಯಲ್ಲಿ ಇದಕ್ಕಿಂತ ಒಣಗುವುದಿಲ್ಲ. ತೇವ ಅಳೆಯುವ ಮೀಟರ್ ಇದ್ದರೆ ಹೊರಮೈಗೆ ಚುಚ್ಚಬೇಡಿ. ತುಂಡನ್ನು ಹೊಸದಾಗಿ ಸೀಳಿ ಒಳಮೈಗೆ ಚುಚ್ಚಿ. ಶೇಕಡಾ 20ರ ಒಳಗೆ ತೋರಿಸಬೇಕು. ಮೀಟರ್ ಇಲ್ಲದವರು ಎರಡು ತುಂಡು ಒಂದಕ್ಕೊಂದು ಬಡಿಯಿರಿ: ಹಸಿಯದು ಧಪ್ ಅನ್ನುತ್ತದೆ, ಒಣಗಿದ್ದು ಟಣ್ ಅನ್ನುತ್ತದೆ.

ಬಯಲುಬೆಂಕಿ:
ನಮ್ಮಲ್ಲಿ ಒಲೆ ಇಲ್ಲ, ಹೊರಗೆ ಕಲ್ಲು ಸುತ್ತಿಟ್ಟು ಬೆಂಕಿ ಹಾಕಿ ಕೂರುತ್ತೇವೆ. ಪೈನ್ ಆಗುತ್ತಾ? ಅದರ ಮೇಲೆ ಏನಾದರೂ ಸುಡಬಹುದಾ?

ಬೂದಿಬುಟ್ಟಿ:
ಅಸಲಿ ಪೈನ್ ಬಗ್ಗೆ ಗೊತ್ತಿರುವುದು ಇದೊಂದೇ, ಹೇಳಿಬಿಡುತ್ತೇನೆ. ಕಿಡಿ ಸಿಡಿಯುತ್ತದೆ. ಒಳಗೆ ರಾಳದ ಗುಳಿಗಳಿರುತ್ತವೆ, ಬಿಸಿಗೆ ಪಟ್ ಅಂತ ಒಡೆಯುತ್ತವೆ. ನನ್ನ ಹೊಸ ಶಾಲಿನಲ್ಲಿ ಕಡಲೆ ಗಾತ್ರದ ತೂತು ಬಿದ್ದಿದೆ. ಹುಲ್ಲು, ಚಾಪೆ, ಮಕ್ಕಳು ಎಲ್ಲ ದೂರ ಇರಲಿ. ಮನೆಯೊಳಗಿನ ಬಾಗಿಲಿಲ್ಲದ ಅಗ್ಗಿಷ್ಟಿಕೆಗಾದರೆ ಜಾಲರಿ ಇಲ್ಲದೆ ಹಾಕಲೇಬೇಡಿ.

ಪಾತ್ರೆ ಇಟ್ಟು ನೀರು ಕಾಯಿಸಲು ಚೆನ್ನ, ಜ್ವಾಲೆ ಎತ್ತರಕ್ಕೆ ಬರುತ್ತದೆ. ಪಾತ್ರೆಯ ತಳ ಮಾತ್ರ ಕರ್ರಗಾಗುತ್ತದೆ. ನೇರ ಬೆಂಕಿಯ ಮೇಲೆ ತಿನ್ನುವುದನ್ನು ಸುಡಬೇಡಿ. ಟರ್ಪೆಂಟೈನ್ ನೆಕ್ಕಿದ ಹಾಗೆ ಕಹಿ ಹಿಡಿಯುತ್ತದೆ.

ಬಯಲುಬೆಂಕಿ:
ಮರಗೆಲಸದವರು ಬಿಟ್ಟ ಪೈನ್ ಚೂರು, ಸಾಮಾನು ಬರುವ ಪ್ಯಾಲೆಟ್ ಹಲಗೆ ಕೂಡ ಇವೆ. ಅವೂ ಪೈನೇ ಅಲ್ವಾ?

ಕೊಡಲಿಕಾವು:
ಬಣ್ಣ, ವಾರ್ನಿಷ್, ಪ್ಲೈವುಡ್, ಹಸಿರು ಛಾಯೆಯ ಹಲಗೆ, ಯಾವುದೂ ಬೇಡ. ಹುಳ ಹಿಡಿಯದಿರಲಿ ಅಂತ ಹಳೆಯ ಕಂಬ, ಬೇಲಿ ಹಲಗೆಗಳಿಗೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ರಾಸಾಯನಿಕ ಕುಡಿಸುತ್ತಿದ್ದರು. ಸುಟ್ಟರೆ ಆ ಆರ್ಸೆನಿಕ್ ಹೊಗೆಯಲ್ಲೂ ಇರುತ್ತದೆ, ಬೂದಿಯಲ್ಲೂ ಇರುತ್ತದೆ. ಆ ಬೂದಿಯನ್ನು ಗಿಡದ ಬುಡಕ್ಕೆ ಹಾಕುವವರನ್ನು ನೆನೆದರೆ ಭಯವಾಗುತ್ತದೆ.

ಪ್ಯಾಲೆಟ್ ಮೇಲೆ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬರೀ ಬಿಸಿ ಮಾಡಿದ್ದು, ಮರದ ಒಳಗೆ 56 ಡಿಗ್ರಿಯಲ್ಲಿ 30 ನಿಮಿಷ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟಿದ್ದು, ಮುಟ್ಟಬೇಡಿ. ಎಚ್‌ಟಿ ಆದರೂ ಮೇಲೆ ಎಣ್ಣೆಯೋ ಬೇರೇನೋ ಚೆಲ್ಲಿದ ಕಲೆ ಇದ್ದರೆ ಬಿಟ್ಟುಬಿಡಿ. ಮೊಳೆಯೂ ಬೂದಿಯಲ್ಲಿ ಉಳಿಯುತ್ತದೆ, ಬರಿಗೈಯಲ್ಲಿ ಬೂದಿ ತೆಗೆಯಬೇಡಿ.

ಹೊಗೆಗೂಡು:
ಇಷ್ಟು ದಿನ ಓದಿದ ಮೇಲೆ ನಾನೂ ಮೊನ್ನೆ ಕೊಳವೆ ಬಿಚ್ಚಿಸಿ ನೋಡಿದೆ. ಪೈನ್ ಬಿಟ್ಟು ಇಷ್ಟು ವರ್ಷವಾಯಿತಲ್ಲ, ಸ್ವಚ್ಛವಾಗಿರಬೇಕಿತ್ತು. ಮೇಲಿನ ತಿರುವಿನಲ್ಲಿ ಒಂದು ಬೆರಳು ದಪ್ಪ ಕಟ್ಟಿತ್ತು. ಇನ್ನೇನು ಹೇಳಲಿ. ಗಾಳಿ ಕಿಂಡಿ ಮುಚ್ಚಿ ಮಲಗುವುದನ್ನು ಬಿಟ್ಟಿದ್ದೇನೆ.

ಒಂದು ಎಚ್ಚರಿಕೆ, ಇದಂತೂ ನಾನು ಅನುಭವದಿಂದಲೇ ಹೇಳಬಹುದು. ಕೊಳವೆಗೆ ಬೆಂಕಿ ಹತ್ತಿದರೆ ಒಲೆಯ ಬಾಗಿಲು, ಕಿಂಡಿ ಎಲ್ಲ ಮುಚ್ಚಿ, ಎಲ್ಲರೂ ಹೊರಗೆ ಬನ್ನಿ, ಅಗ್ನಿಶಾಮಕಕ್ಕೆ ಫೋನ್ ಮಾಡಿ. ಕೊಳವೆಗೆ ನೀರು ಸುರಿಯಲು ಹೋಗಬೇಡಿ. ಕಾದ ಕೊಳವೆ ಸೀಳಿಬಿಡುತ್ತದೆ, ಬೆಂಕಿ ಚಾವಣಿಗೆ ನುಗ್ಗುತ್ತದೆ. ಬೆಂಕಿ ಆರಿದ ಮೇಲೂ ಒಳಗೆಲ್ಲ ನೋಡಿಸದೆ ಮತ್ತೆ ಒಲೆ ಹಚ್ಚಬಾರದು.

ಹೊಸಒಲೆ:
ಎಂಟು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಯಾರಾದರೂ ಇನ್ನೂ ಇದ್ದೀರಾ?

ಗುರುತು ಹಾಕಿದ ತುಂಡು ಸೀಳಿದ ದಿನ 3 ಕಿಲೋ 200 ಗ್ರಾಂ ಇತ್ತು. ಮೊದಲ ತಿಂಗಳಲ್ಲೇ ಅರ್ಧ ಕಿಲೋಗಿಂತ ಜಾಸ್ತಿ ಇಳಿಯಿತು. ಮಳೆ ಬಂದಾಗ ಎರಡು ವಾರ ಹಂದಾಡಲೇ ಇಲ್ಲ, ಆಮೇಲೆ ಮತ್ತೆ ಇಳಿಯಿತು. ಈಗ ಒಂದು ತಿಂಗಳಿಂದ 1 ಕಿಲೋ 900ಕ್ಕೆ ನಿಂತಿದೆ. ಸೀಳಿ ಮೀಟರ್ ಚುಚ್ಚಿದೆ, 19. ಒಂದು ಕಿಲೋ 300 ಗ್ರಾಂ ನೀರು ಒಂದೇ ತುಂಡಿನಿಂದ! ಅದನ್ನು ಮೊದಲೇ ಒಲೆಗೆ ಹಾಕಿದ್ದರೆ ಅಂತ ನೆನೆಸಿಕೊಂಡೆ.

ನಿನ್ನೆ ಸಂಜೆ ಮೊದಲ ಸಲ ಹಚ್ಚಿದೆ. ದಪ್ಪ ಸೌದೆ ಕೆಳಗೆ, ಪುಳ್ಳೆ ಮೇಲೆ ಇಟ್ಟು ಮೇಲಿನಿಂದ ಬೆಂಕಿ ಕೊಟ್ಟೆ. ಹತ್ತು ನಿಮಿಷಕ್ಕೆ ಒಲೆ ಬಿಸಿಯಾಯಿತು. ಹೊರಗೆ ಹೋಗಿ ಕೊಳವೆಯ ಬಾಯಿ ನೋಡಿದರೆ ಹೊಗೆಯೇ ಇಲ್ಲ, ಗಾಳಿ ಮಾತ್ರ ನಡುಗುತ್ತಿತ್ತು. ಪಕ್ಕದ ಮನೆಯವರೂ ನೋಡಿ ಹೋದರು, ಏನೂ ಹೇಳಲಿಲ್ಲ. ಆದರೆ ಮುಕ್ಕಾಲು ಗಂಟೆಗೊಮ್ಮೆ ಸೌದೆ ಹಾಕಲು ಏಳಲೇಬೇಕು. ಕೆಂಡ ನಿಲ್ಲುವುದಿಲ್ಲ. ಅದಕ್ಕೆ ಈಗ ಹಚ್ಚಲು ಮತ್ತು ಸಂಜೆಗೆ ಪೈನ್, ಮಲಗುವ ಮುಂಚೆ ಎರಡು ಗಟ್ಟಿ ಸೌದೆ ಅಂತ ಮಾಡಿಕೊಂಡಿದ್ದೇನೆ.

ಒಂದೇ ಪ್ರಶ್ನೆ ಉಳಿದಿದೆ. ಬುಡದ ಬೊಡ್ಡೆ ಇನ್ನೂ ನೆಲದಲ್ಲೇ ಇದೆ. ಅಗೆಸಿ ತೆಗೆಯಲಾ?

ಕೊಡಲಿಕಾವು:
ತೆಗೆಯಬೇಡಿ, ಇನ್ನೂ ಕೆಲವು ವರ್ಷ ಬಿಡಿ. ಹೊರಗಿನ ಬಿಳಿ ಭಾಗ ಕೊಳೆತು ಉದುರಿಹೋಗುತ್ತದೆ. ನಡುವಿನ ಚೇಗು ರಾಳ ಕುಡಿದಿದ್ದರೆ ಹಾಗೇ ಉಳಿಯುತ್ತದೆ. ಕಿತ್ತಳೆ ಬಣ್ಣ, ಕಲ್ಲಿನ ಹಾಗೆ ಭಾರ, ತೆಳ್ಳಗೆ ಸೀಳಿ ಬಿಸಿಲಿಗೆ ಹಿಡಿದರೆ ಬೆಳಕು ಹಾಯುತ್ತದೆ. ಅದರ ಬೆರಳು ಗಾತ್ರದ ಒಂದು ಸಿಗುರು ಇದ್ದರೆ ಮಳೆಯಲ್ಲಿ ನೆಂದಿದ್ದರೂ ಬೆಂಕಿ ಹಿಡಿಯುತ್ತದೆ, ಸೀಮೆಎಣ್ಣೆ ಬೇಡ, ಕಾಗದ ಬೇಡ. ಹಚ್ಚಲು ಮಾತ್ರ ಅದು. ಒಂದು ಸಿಗುರಿಗಿಂತ ಜಾಸ್ತಿ ಹಾಕಿದರೆ ಮಸಿ ನೋಡಿ ಹೊಗೆಗೂಡು ಸರ್ ಮತ್ತೆ ಬೈಯುತ್ತಾರೆ.

ಹೊಗೆಗೂಡು:
ಬೈಯುವುದಿಲ್ಲ. ನನಗೂ ನಾಲ್ಕು ಸಿಗುರು ಎತ್ತಿಡಿ.